ವರ್ಲಿನ್ ಸ್ಟಕಿಯ ತೂಕದ ಯಂತ್ರ

ಬ್ಲಫ್ಟನ್ ಊರಿನಲ್ಲಿ ಯಾರ ತೂಕ ಎಷ್ಟು ಎಂಬ ಗುಟ್ಟು ಇಬ್ಬರಿಗೆ ಗೊತ್ತಿತ್ತು, ಒಬ್ಬರು ಡಾಕ್ಟರು, ಇನ್ನೊಬ್ಬ ವರ್ಲಿನ್ ಸ್ಟಕಿ. ಡಾಕ್ಟರ ಬಳಿ ಹೋಗದೆ ಜನ ವರ್ಷಗಟ್ಟಲೆ ತಪ್ಪಿಸಿಕೊಳ್ಳುತ್ತಿದ್ದರು. ದೊಡ್ಡ ಎಂಜಿನ್ನಿನ ಹಳೆಯ ಮಸಲ್ ಕಾರಿನ ಹುಚ್ಚು ಹತ್ತಿದವರು ಮಾತ್ರ ವರ್ಲಿನ್‌ನಿಂದ ತಪ್ಪಿಸಿಕೊಳ್ಳುವಂತಿರಲಿಲ್ಲ.

ಅರವತ್ತು ಎಪ್ಪತ್ತರ ದಶಕದ ಆ ಕಾರುಗಳು ನೇರ ರಸ್ತೆಯಲ್ಲಿ ಬಿಟ್ಟ ಬಾಣ. ತಿರುವು ಬಂತೋ, ಮೂಗು ತಗ್ಗಿಸಿ ಪಕ್ಕಕ್ಕೆ ವಾಲಿ ಓಡಿಸುವವರ ಜೀವ ಬಾಯಿಗೆ ತರುತ್ತವೆ. ವರ್ಲಿನ್ ಅವುಗಳ ಮುಂದಿನ ಸ್ಪ್ರಿಂಗು ಗಿಡ್ಡ ಮಾಡಿ, ಚಕ್ರ ಹಿಡಿದಿಡುವ ಮೇಲಿನ ತೋಳು ಬದಲಿಸಿ, ಬಾಲ್ ಜಾಯಿಂಟ್ ಎಂಬ ಎತ್ತರದ ಕೀಲು ಕೂರಿಸಿ ಬುದ್ಧಿ ಕಲಿಸುತ್ತಿದ್ದ. ಮೂವತ್ತು ವರ್ಷದಿಂದ ಅದೇ ಕಸುಬು. ಕೆಲಸ ಮಾಡುವಾಗ ಚರ್ಚಿನ ಹಾಡುಗಳನ್ನು ಗುನುಗುತ್ತಿದ್ದ. ಆದರೆ ನಾಲ್ಕು ಧ್ವನಿಗಳು ಸೇರಿ ಹಾಡುವ ಆ ಹಾಡುಗಳಲ್ಲಿ ಅಮ್ಮ ಕಲಿಸಿದ್ದು ತೀರ ಕೆಳಗಿನ ಧ್ವನಿಯೊಂದನ್ನೇ ಆದ್ದರಿಂದ, ಅದು ಯಾವ ಹಾಡೆಂದು ಕೇಳಿದವರಿಗೆ ಎಂದೂ ಗೊತ್ತಾಗುತ್ತಿರಲಿಲ್ಲ.

ಎಲ್ಲ ಜೋಡಿಸಿದ ಮೇಲೆ ಚಕ್ರಗಳ ಅಲೈನ್‌ಮೆಂಟ್. ಅಲ್ಲಿ ಅವನದು ಒಂದೇ ಹಠ: ಕಾರು ಓಡಿಸುವವರು ಸೀಟಿನಲ್ಲಿ ಕೂತಿರಬೇಕು, ಅವರ ಭಾರ ಬಿದ್ದ ಮೇಲೆಯೇ ಚಕ್ರ ನೇರ ಮಾಡುವುದು. ಬರಲಾಗದವರ ಬದಲಿಗೆ ಅವರ ತೂಕದಷ್ಟು ಉಪ್ಪಿನ ಚೀಲಗಳು ಸೀಟಿಗೇರುತ್ತಿದ್ದವು. ಅವನ ಶೆಡ್ಡು ಹಿಂದೆ ಕಾಳಿನ ಗೋದಾಮಾಗಿತ್ತು, ಮೂಟೆ ತೂಗುವ ಯಂತ್ರ ಮೂಲೆಯಲ್ಲಿ ಹಾಗೇ ಉಳಿದಿತ್ತು. ಬಂದವರನ್ನು ಮೊದಲು ಅದರ ಮೇಲೆ ಹತ್ತಿಸುತ್ತಿದ್ದ.

ಊರಿಗೆಲ್ಲ ಕಾರು ಸರಿಮಾಡಿಕೊಟ್ಟ ಈ ಮಹಾಶಯನಿಗೆ ಸರಿಮಾಡಲಾಗದೇ ಉಳಿದದ್ದು ಒಂದೇ ಕಾರು, ಹೆಂಡತಿಯದು.

ಅದು ಎಪ್ಪತ್ತನೆಯ ಇಸವಿಯ ಹಸಿರು ಕಾರು. ಮದುವೆಗೆ ಮುಂಚೆ ಪಿಸ್ಟನ್ ಕಾರ್ಖಾನೆಯಲ್ಲಿ ದುಡಿದು ಡೋರ್ಲಾ ತಾನೇ ಕೊಂಡದ್ದು. ನಾಲ್ಕು ವರ್ಷದ ಹಿಂದೆ ವಾಬಾಷ್ ನದಿಯ ತಿರುವಿನಲ್ಲಿ ಅದು ಅವಳನ್ನು ಜೋಳದ ಹೊಲಕ್ಕೆ ಕರೆದೊಯ್ದಿತ್ತು. ಜೋಳ ಮುರಿಯಿತು, ಅವಳಿಗೇನೂ ಆಗಲಿಲ್ಲ, ಧೈರ್ಯ ಮಾತ್ರ ಅಲ್ಲೇ ಬಿದ್ದುಹೋಯಿತು. ಅಂದಿನಿಂದ ಪ್ರತಿ ಚಳಿಗಾಲವೂ ವರ್ಲಿನ್ ಆ ಕಾರಿನ ಮುಂಭಾಗ ಬಿಚ್ಚುತ್ತಿದ್ದ. ಹೊಸ ತೋಳು, ಹೊಸ ಸ್ಪ್ರಿಂಗು, ಹೊಸ ಜಾಯಿಂಟ್. ಪ್ರತಿ ವಸಂತದಲ್ಲೂ ಡೋರ್ಲಾ, ಅಲ್ಲಿನ ಪದ್ಧತಿಯಂತೆ ರಸ್ತೆಯ ಬಲಬದಿ ಹಿಡಿದು, ಒಂದು ಸುತ್ತು ಹೋಗಿ ಬಂದು, ಕೀಲಿಯನ್ನು ಅಡುಗೆಮನೆಯ ಮೊಳೆಗೆ ನೇತುಹಾಕುತ್ತಿದ್ದಳು.

"ಎಡಕ್ಕೆ ಎಳೆಯುತ್ತೆ ಕಣೋ. ಎದುರಿಗೆ ಲಾರಿ ಬಂದ್ರೆ ಅದರ ಬಾಯಿಗೇ ಹೋಗಿ ಬೀಳೋ ಹಾಗಿರುತ್ತೆ."

"ನಾನು ಓಡಿಸಿದ್ರೆ ದಾರದ ಹಾಗೆ ನೇರ ಹೋಗುತ್ತಲ್ಲೇ!"

"ಹಾಗಾದ್ರೆ ನೀನೇ ಇಟ್ಕೋ."

ತೊಂಬತ್ತೆಂಟರ ಮೇ ತಿಂಗಳಲ್ಲಿ ಅವಳ ತಾಳ್ಮೆ ಮುಗಿಯಿತು. ತಂಗಿಯ ಮಗಳು ರೆನಿಟಾಗೆ ಫೋನ್ ಮಾಡಿ, ಭಾನುವಾರ ಬಂದು ಕಾರು ಒಯ್ಯುವಂತೆ ಹೇಳಿಬಿಟ್ಟಳು. ಜಗಳವಾಡಲಿಲ್ಲ, ಅಳಲೂ ಇಲ್ಲ. ಕಾರಿನೊಳಗಿದ್ದ ತನ್ನ ಕನ್ನಡಕ, ತಲೆವಸ್ತ್ರ ತೆಗೆದು ಮೇಜಿನ ಮೇಲಿಟ್ಟಳು. ಅದನ್ನು ನೋಡಿ ವರ್ಲಿನ್‌ಗೆ ಊಟ ಸೇರಲಿಲ್ಲ. ಅವನು ಊಟ ಬಿಟ್ಟದ್ದು ಆ ಮನೆಯಲ್ಲಿ ಸಣ್ಣ ಸುದ್ದಿಯಲ್ಲ.

ಶುಕ್ರವಾರ ಬೆಳಿಗ್ಗೆ ಬೇಕರಿಯ ಓರಿನ್ ಫ್ಲಿಕ್ ಮುಖ ಊದಿಸಿಕೊಂಡು ಶೆಡ್ಡಿಗೆ ಬಂದ. ಹಿಂದಿನ ವಾರ ಬಿಡುವಿಲ್ಲವೆಂದು ತನ್ನ ತೂಕವನ್ನು ಫೋನಿನಲ್ಲಿ ಹೇಳಿ ಅಲೈನ್‌ಮೆಂಟ್ ಮಾಡಿಸಿಕೊಂಡಿದ್ದವನು.

"ಏನ್ ಗುರೂ ನಿನ್ನ ಕೆಲಸ? ಕಾರು ಒಂದೇ ಕಡೆ ಎಳೀತಿದೆ!"

ವರ್ಲಿನ್ ಮೂಲೆಯತ್ತ ಬೆರಳು ತೋರಿಸಿದ. ಓರಿನ್ ಗೊಣಗುತ್ತ ಯಂತ್ರ ಹತ್ತಿದ. ಮುಳ್ಳು ಇನ್ನೂರ ನಲವತ್ತೊಂದು ಪೌಂಡಿನಲ್ಲಿ, ಅಂದರೆ ಸುಮಾರು ನೂರ ಒಂಬತ್ತು ಕಿಲೋದಲ್ಲಿ, ನಿಂತಿತು.

"ಫೋನಲ್ಲಿ ನೀನು ನೂರ ತೊಂಬತ್ತು ಅಂದಿದ್ದೆ!"

"ಅದು... ಬೂಟ್ಸ್ ಭಾರ ಇದೆ ಮಾರಾಯ."

"ಐವತ್ತೊಂದು ಪೌಂಡಿನ ಬೂಟ್ಸಾ? ನೀನು ಮಾರೋ ಡೋನಟ್ಟನ್ನೆಲ್ಲ ನೀನೇ ತಿಂದ್ರೆ ಇನ್ನೇನಾಗುತ್ತೆ! ಅಲ್ಲಯ್ಯಾ, ಆ ಸೀಟಲ್ಲಿ ಕೂತು ಓಡಿಸೋನು ನೀನು. ನಿನ್ನ ಭಾರ ಬಿಟ್ಟು ಬೇರೆಯವರ ಭಾರಕ್ಕೆ ಚಕ್ರ ಕೂರಿಸಿದ್ರೆ ಎಳೀದೆ ಮುದ್ದಾಡುತ್ತಾ?"

ಓರಿನ್‌ಗೆ ರೇಗಿತು. ವರ್ಲಿನ್ ಮನೆಯ ಸುದ್ದಿ ಬೇಕರಿಯಲ್ಲಿ ಆಗಲೇ ಎಲ್ಲರಿಗೂ ಗೊತ್ತಾಗಿತ್ತು. "ಆಯ್ತಪ್ಪ ಜಾಣ, ಡೋರ್ಲಾ ಕಾರೂ ಎಳೆಯುತ್ತಂತಲ್ಲ. ಅವಳು ಎಷ್ಟು ತೂಕ ಅಂತ ಸುಳ್ಳು ಹೇಳಿದ್ಳು?"

ವರ್ಲಿನ್ ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟ. ಡೋರ್ಲಾ ಸುಳ್ಳು ಹೇಳಿರಲಿಲ್ಲ, ಅವಳನ್ನು ಕೇಳಿದವರೇ ಇರಲಿಲ್ಲ. ಮನೆಯ ಕಾರಲ್ಲವೇ ಎಂದು ನಾಲ್ಕೂ ವರ್ಷ ಆ ಸೀಟಿನಲ್ಲಿ ತಾನೇ ಕೂತು, ಅಳತೆ ಹಿಡಿಯಲು ಪಕ್ಕದ ವೆಲ್ಡರನನ್ನು ಕರೆದಿದ್ದ. ಚಕ್ರ ಕೂರಿಸಿದ್ದು ತನ್ನ ಇನ್ನೂರ ಎಪ್ಪತ್ತೆರಡು ಪೌಂಡಿಗೆ! ಊರಿನ ಅಷ್ಟೂ ಜನರನ್ನು ತೂಗಿದವನು ಹೆಂಡತಿಯನ್ನು ಒಂದು ದಿನ ಶೆಡ್ಡಿಗೆ ಕರೆದಿರಲಿಲ್ಲ. ಕಿವಿಯವರೆಗೂ ಕೆಂಪಾಗಿ ಫೋನಿನತ್ತ ನಡೆದ.

ಡೋರ್ಲಾ ಹಸಿರು ಕಾರಿನಲ್ಲೇ ಬಂದಳು, ಸ್ಟೀರಿಂಗನ್ನು ಎರಡೂ ಕೈಯಲ್ಲಿ ಬಿಗಿಹಿಡಿದು. ಯಂತ್ರದ ಮುಳ್ಳು ನೂರ ಹದಿನೆಂಟು ತೋರಿಸಿತು.

"ಈಗ ಸೀಟಲ್ಲಿ ಕೂತ್ಕೋ. ಅಲ್ಲಾಡಬೇಡ."

"ಇಷ್ಟು ವರ್ಷ ಯಾರು ಕೂತಿದ್ರು?"

ಅವನು ಕಾರಿನ ಕೆಳಗಿನಿಂದ ಉತ್ತರಿಸಿದ, ಮುಖ ಕಾಣದಿದ್ದುದೇ ಪುಣ್ಯ. "ನಾನು."

ಇಡೀ ಕಾರು ಕುಲುಕತೊಡಗಿತು. ಡೋರ್ಲಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ನಗಬೇಡ್ವೇ, ಅಳತೆ ತಪ್ಪುತ್ತೆ!"

"ನಾಲ್ಕು ವರ್ಷ ನಂಗೇ ತಲೆ ಕೆಟ್ಟಿದೆ ಅಂದ್ಕೊಂಡಿದ್ದೆ ಕಣೋ, ದಡ್ಡ!" ಎಂದಳು. ನಗು ನಡುವೆ ಧ್ವನಿ ಒಡೆದದ್ದು ಅವನಿಗೆ ಕೇಳಿಸಿತು. ಅವನು ಪ್ರತಿ ನಟ್ಟನ್ನೂ ಎರಡೆರಡು ಸಲ ಬಿಗಿದ.

ಕೆಲಸ ಮುಗಿದೊಡನೆ ಅವಳು ನದಿಯ ತಿರುವಿನ ಕಡೆ ಹೊರಟಳು. ಅಲ್ಲಿಗೆ ಹೋಗಿ ಬರಲು ಹತ್ತು ನಿಮಿಷ ಸಾಕು. ಅರ್ಧ ಗಂಟೆಯಾಯಿತು, ಮುಕ್ಕಾಲಾಯಿತು. ವರ್ಲಿನ್ ಬಾಗಿಲಲ್ಲಿ ನಿಂತು ಒರೆಸಿದ ಸ್ಪ್ಯಾನರನ್ನೇ ಒರೆಸಿದ, ಗುನುಗುವುದನ್ನೂ ಮರೆತ. ಕೊನೆಗೆ ಹಸಿರು ಕಾರು ರಸ್ತೆಯ ತುದಿಯಲ್ಲಿ ಕಾಣಿಸಿತು. ಡೋರ್ಲಾ ಒಂದೇ ಕೈಯಲ್ಲಿ ಓಡಿಸುತ್ತಿದ್ದಳು, ಇನ್ನೊಂದು ಕೈಯಲ್ಲಿ ಅರ್ಧ ತಿಂದ ಡೋನಟ್.

"ಆ ತಿರುವಲ್ಲಿ ಆರು ಸಲ ಹೋದೆ," ಎಂದಳು. "ಹತ್ಕೋ, ಮನೆಗೆ ಬಿಡ್ತೀನಿ."

ವರ್ಲಿನ್ ಹಿಗ್ಗಿ ಪಕ್ಕದ ಸೀಟಿನಲ್ಲಿ ಕೂತ. ಕಾರು ಆ ಬದಿಗೆ ಕುಸಿಯಿತು. ಅಂಚೆ ಕಚೇರಿ ದಾಟುವಷ್ಟರಲ್ಲಿ ಡೋರ್ಲಾ ರಸ್ತೆ ಬದಿಗೆ ನಿಲ್ಲಿಸಿದಳು.

"ಇಳಿ."

"ಯಾಕೆ?"

"ನೀನು ಕೂತ್ರೆ ನನ್ನ ಕಾರು ಎಳೆಯುತ್ತೆ. ಮನೆಗೆ ಹೋದ ತಕ್ಷಣ ರೆನಿಟಾಗೆ ಫೋನ್ ಮಾಡು, ಬರೋದು ಬೇಡ ಅಂತ ನೀನೇ ಹೇಳು."

ಅವನು ಇಳಿದ. ಹಸಿರು ಕಾರು ದಾರದ ಹಾಗೆ ನೇರ ಹೋಗಿ, ಸೇತುವೆಯ ಕಡೆ ತಿರುಗಿ ಮರೆಯಾಯಿತು. ಮನೆಗೆ ಎರಡು ಮೈಲಿ. ಇನ್ನೂರ ಎಪ್ಪತ್ತೆರಡು ಪೌಂಡನ್ನೂ ಹೊತ್ತುಕೊಂಡು, ಯಾರಿಗೂ ಗೊತ್ತಾಗದ ಹಾಡನ್ನು ಗಟ್ಟಿಯಾಗಿ ಗುನುಗುತ್ತ ವರ್ಲಿನ್ ಸ್ಟಕಿ ನಡೆದೇ ಹೋದ.