ಒಂದು ಉಸಿರಿಗೆ ಹಾರಿಹೋದ ಕಡ್ಡಿ

ಓದುವವರಿಗೆಲ್ಲ ನಮಸ್ಕಾರ. ನಾನು ಹತ್ತನೇ ತರಗತಿ ಪಾಸಾದದ್ದು ಮೂವತ್ತೊಂಬತ್ತನೇ ವಯಸ್ಸಿನಲ್ಲಿ, ಅದೂ ಎರಡನೇ ಸಲ ಕಟ್ಟಿ. ಒತ್ತಕ್ಷರಗಳನ್ನು ಹುಡುಕಿ ಹುಡುಕಿ ಒಂದೇ ಬೆರಳಿನಲ್ಲಿ ಇದನ್ನು ಟೈಪ್ ಮಾಡುತ್ತಿದ್ದೇನೆ. ಬೆಳಿಗ್ಗೆ ಕೂತರೆ ಮಧ್ಯಾಹ್ನಕ್ಕೆ ಅರ್ಧ ಪುಟ ಆಗುತ್ತದೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ಬರೆಯಲು ಹೊರಟಿರುವುದೂ ಒಂದು ತಪ್ಪಿನ ವಿಷಯವೇ, ಆದರೆ ಅದು ಅಕ್ಷರದ ತಪ್ಪಲ್ಲ.

ಸುಂಟಿಕೊಪ್ಪ ಬಸ್ ಸ್ಟ್ಯಾಂಡಿನ ಹತ್ತಿರ ಇಪ್ಪತ್ತು ವರ್ಷ ನನ್ನದೊಂದು ವಾಚ್ ರಿಪೇರಿ ಅಂಗಡಿ ಇತ್ತು. ಅಂಗಡಿ ಎಂದರೆ ಒಂದು ಗಾಜಿನ ಪೆಟ್ಟಿಗೆ, ಒಂದು ಸ್ಟೂಲು, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಒಂದು ಭೂತಗನ್ನಡಿ. ಎಲ್ಲರ ಜೇಬಿಗೂ ಮೊಬೈಲು ಬಂದ ಮೇಲೆ ಟೈಮ್ ನೋಡಲು ಯಾರೂ ಮಣಿಕಟ್ಟು ತಿರುಗಿಸಲಿಲ್ಲ. ಅಂಗಡಿ ಮುಚ್ಚಿದೆ, ಪರೀಕ್ಷೆ ಕಟ್ಟಿದೆ, ಪಾಸಾದ ಮೇಲೆ ಒಂದು ಕಾಲೇಜಿನ ಪ್ರಾಣಿಶಾಸ್ತ್ರದ ಲ್ಯಾಬಿಗೆ ಅಟೆಂಡರ್ ಆಗಿ ಸೇರಿದೆ. ಬಾಟಲಿ ತೊಳೆಯುವುದು, ಹಾವು ಚೇಳು ಇಟ್ಟ ಜಾಡಿಗಳಲ್ಲಿ ಸ್ಪಿರಿಟ್ ಕಡಿಮೆಯಾದರೆ ತುಂಬುವುದು, ಮಕ್ಕಳು ಒಡೆದ ಸ್ಲೈಡ್ ಗುಡಿಸುವುದು ನನ್ನ ಕೆಲಸ.

ಅಲ್ಲಿ ಪಾಠ ಮಾಡುತ್ತಿದ್ದ ಮೇಡಂ ಮಡಿಕೇರಿಯ ಒಂದು ಪುರೋಹಿತರ ಮನೆಯವರು. ಮದುವೆ ಆಗಿರಲಿಲ್ಲ. ಎಳೆ ವಯಸ್ಸಿನಲ್ಲಿ ಕರಾವಳಿಗೆ ಹೋಗಿ ಏಡಿ, ಸೀಗಡಿ ಜಾತಿಯ ಪ್ರಾಣಿಗಳ ಮೇಲೆ ಓದಿ ಬಂದಿದ್ದರು. ನಾನು ಸೇರಿದ ಮೂರನೇ ವರ್ಷ, ಅವರ ರಿಟೈರ್‌ಮೆಂಟಿಗೆ ಇನ್ನು ಎರಡು ವರ್ಷ ಇರುವಾಗ, ಸಮುದ್ರದ ಸರ್ವೆ ಹಡಗಿನಲ್ಲಿ ಕೆಲಸ ಮಾಡುತ್ತಿದ್ದ ಅವರ ಹಳೆಯ ಸಹಪಾಠಿ ಒಂದು ಪುಟ್ಟ ಜಾಡಿ ಕಳಿಸಿದರು. ಸೂರ್ಯನ ಬೆಳಕು ಇಳಿಯದಷ್ಟು ಆಳದ ಕೆಸರಿನಿಂದ ಎತ್ತಿದ ಐದು ಹುಳಗಳು ಅದರಲ್ಲಿದ್ದವು. ಒಂದೊಂದೂ ಭತ್ತದ ಕಾಳಿನಷ್ಟು. ನಾಲ್ಕು ಹೆಣ್ಣು, ಒಂದು ಗಂಡು.

ಮೇಡಂ ನನ್ನನ್ನು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದರು.

"ಏನ್ ಕಾಣುತ್ತೆ?"

"ಬಿಳೀ ಜಿರಳೆ ಮೇಡಂ."

"ಜಿರಳೆ ಅಲ್ಲ ಮಾರಾಯ್ರೆ! ಏಡಿ ಸೀಗಡಿ ಕಡೇದು. ನಿಮ್ ಕಾಫಿ ತೋಟದಲ್ಲಿ ಒದ್ದೆ ಎಲೆ ಅಡಿ ಬೂದು ಹುಳ ಇರುತ್ತಲ್ಲ, ಮುಟ್ಟಿದ್ರೆ ಗುಂಡಾಗುತ್ತೆ, ಅದ್ರ ದಾಯಾದಿ ಇದು."

"ದಾಯಾದಿ ಅಂದ್ರೆ ಜಗಳ ಇರ್ಬೇಕಲ್ಲ ಮೇಡಂ?"

"ಒಬ್ರು ಕೊಡಗಲ್ಲಿ, ಇನ್ನೊಬ್ರು ಸಮುದ್ರದ ತಳದಲ್ಲಿ. ಜಗಳ ಆಡೋಕೆ ಮುಖ ನೋಡ್ಬೇಕಲ್ಲ?"

ಆಮೇಲೆ ಅವರು ಗಂಭೀರವಾಗಿ ಒಂದು ಮಾತು ಹೇಳಿದರು. ಪುಸ್ತಕಗಳನ್ನೆಲ್ಲ ತಿರುವಿ ನೋಡಿದ್ದರಂತೆ. ಈ ಹುಳವನ್ನು ಇದುವರೆಗೆ ಯಾರೂ ವಿವರಿಸಿಲ್ಲ ಎಂದು ಅವರಿಗೆ ಅನ್ನಿಸಿತ್ತು.

"ಮೂವತ್ತು ವರ್ಷ ಬೇರೆಯವ್ರು ಇಟ್ಟ ಹೆಸರನ್ನೇ ಮಕ್ಕಳ ಕೈಲಿ ಬಾಯಿಪಾಠ ಮಾಡ್ಸಿದೀನಿ. ಹೋಗೋದ್ರೊಳಗೆ ಒಂದೇ ಒಂದು ಹೆಸರು ನಾನಿಡ್ಬೇಕು ನೋಡಿ."

ಹೊಸ ಜಾತಿಗೆ ಹೆಸರಿಡುವುದೆಂದರೆ ಮಗುವಿಗೆ ಇಟ್ಟಷ್ಟು ಸುಲಭವಲ್ಲ ಎಂದು ನನಗೆ ಗೊತ್ತಾದದ್ದು ಆಗ. ತಲೆಯಿಂದ ಬಾಲದವರೆಗೆ ಅದರ ಮೈಯನ್ನು ಒಂದೊಂದು ಭಾಗವಾಗಿ ಬರೆಯಬೇಕು. ಅವರು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾ ಹೇಳುವುದು, ನಾನು ಕಂಪ್ಯೂಟರಿನಲ್ಲಿ ಒತ್ತುವುದು. ಕಣ್ಣಿಲ್ಲ, ಕಣ್ಣಿರಬೇಕಾದ ಜಾಗ ನುಣ್ಣಗಿದೆ. ಮೀಸೆ ಎರಡು ಜೋಡಿ, ಎರಡನೆಯದು ಮೈಗಿಂತ ಉದ್ದ. ಎದೆಯಲ್ಲಿ ಏಳು ಪಟ್ಟಿ, ಪಟ್ಟಿಗೊಂದು ಜೋಡಿ ಕಾಲು. ಮುಂದಿನ ಕಾಲುಗಳು ನಡೆಯುವುದಕ್ಕೆ. ಹಿಂದಿನವು ದೋಣಿಯ ಹುಟ್ಟಿನ ಹಾಗೆ ಚಪ್ಪಟೆ, ಈಜುವುದಕ್ಕೆ. ಹೆಣ್ಣಿನ ಹೊಟ್ಟೆಯಡಿ ತೆಳ್ಳಗಿನ ತಟ್ಟೆಗಳು ಒಂದರ ಮೇಲೊಂದು ಬಂದು ಚೀಲವಾಗಿವೆ, ಅದರೊಳಗೆ ಮರಿಗಳು. ಒಂದು ಹೆಣ್ಣಿನ ಚೀಲದಲ್ಲಿ ಹನ್ನೊಂದು ಮರಿ ಎಣಿಸಿದ ದಿನ ನನಗೆ ಊಟ ಸೇರಲಿಲ್ಲ. ಅಷ್ಟು ಕತ್ತಲಿನಿಂದ ಮಕ್ಕಳ ಸಮೇತ ಎತ್ತಿ ತಂದಿದ್ದಾರಲ್ಲ ಅನ್ನಿಸಿತು.

ಕಾಲುಗಳನ್ನು ಬಿಚ್ಚಿ ಸ್ಲೈಡಿನ ಮೇಲಿಟ್ಟು ಚಿತ್ರ ಬರೆಯಬೇಕು. ಅದಕ್ಕೊಂದು ಪದ್ಧತಿ ಇದೆ. ಒಂದು ಕಡೆಯ ಕಾಲು ಮಾತ್ರ ಬಿಚ್ಚುತ್ತಾರೆ. ಇನ್ನೊಂದು ಕಡೆಯದನ್ನು ಮುಂದೆ ಪರೀಕ್ಷಿಸಲು ಬರುವವರಿಗೆ ಬಿಡುತ್ತಾರೆ.

ಎಲ್ಲಕ್ಕಿಂತ ಮುಖ್ಯವಾದದ್ದು ಗಂಡಿನ ಬಾಲದಡಿ ಇತ್ತು. ಅಲ್ಲಿ ಉಸಿರಾಡಲು ಎಲೆಗಳಂಥ ತಟ್ಟೆಗಳು ಜೋಡಿ ಜೋಡಿಯಾಗಿರುತ್ತವೆ. ಎರಡನೆಯ ಜೋಡಿಯಲ್ಲಿ, ಗಂಡಿಗೆ ಮಾತ್ರ, ಆ ಕಡೆ ಒಂದು ಈ ಕಡೆ ಒಂದು ಸಣ್ಣ ಕಡ್ಡಿ. ಈ ಗುಂಪಿನ ಹೆಣ್ಣುಗಳು ನೋಡಲು ಒಂದೇ ತರ. ಕಡ್ಡಿ ಮಾತ್ರ ಒಂದೊಂದು ಜಾತಿಗೆ ಒಂದೊಂದು ಆಕಾರ. ಅದನ್ನು ತೋರಿಸದೆ ಇದು ಹೊಸದು ಎಂದರೆ ಯಾರೂ ಒಪ್ಪುವುದಿಲ್ಲ.

ಬಲಗಡೆಯ ಕಡ್ಡಿಯನ್ನು ಮೇಡಂ ತಾವೇ ಬಿಚ್ಚಲು ಹೋದರು. ಆ ವರ್ಷ ಅವರ ಕೈ ನಡುಗಲು ಶುರುವಾಗಿತ್ತು. ಬೋರ್ಡಿನ ಮೇಲೆ ಅವರ ಗೆರೆ ಅಲುಗುವುದನ್ನು ನಾನೂ ನೋಡಿದ್ದೆ. ಸೂಜಿ ಜಾರಿತು, ಕಡ್ಡಿ ಹರಿದು ಎರಡು ನಾರಾಯಿತು. ಅವರು ಸೂಜಿ ಇಟ್ಟು, ಎರಡೂ ಕೈಗಳನ್ನು ತೊಡೆಯಡಿ ಒತ್ತಿಕೊಂಡು ತುಂಬಾ ಹೊತ್ತು ಕೂತಿದ್ದರು.

ಮಾರನೇ ದಿನ ಕೇಳಿದರು, "ನೀವು ಲೇಡೀಸ್ ವಾಚೂ ಬಿಚ್ತಿದ್ರಾ?"

"ಹೂಂ ಮೇಡಂ. ಅದ್ರ ಸ್ಕ್ರೂ ಸಾಸಿವೆಗಿಂತ ಸಣ್ಣದು."

"ಹಾಗಾದ್ರೆ ಉಳಿದಿರೋ ಎಡಗಡೇ ಕಡ್ಡಿ ನೀವೇ ತೆಗೀಬೇಕು."

ಮೊದಲು ಅಭ್ಯಾಸ ಆಗಲಿ ಎಂದು ತೋಟದ ಗುಂಡು ಹುಳಗಳ ಮೇಲೆ ಒಂದು ತಿಂಗಳು ಕೈ ಪಳಗಿಸಿದೆ. ತೋಟಕ್ಕೆ ಕಾಫಿ ಹಣ್ಣು ಕೊಯ್ಯುವ ಪಿಕಿಂಗಿಗೆ ಹೋಗುತ್ತಿದ್ದ ನನ್ನ ಹೆಂಡತಿ ಊಟದ ಡಬ್ಬಿಯ ಮುಚ್ಚಳದಲ್ಲಿ ಅವನ್ನು ಹಿಡಿದು ತಂದುಕೊಡುತ್ತಿದ್ದಳು.

"ಏನ್ರೀ ಇದು, ಗಡಿಯಾರ ಆಯ್ತು, ಈಗ ಹುಳಾನೂ ರಿಪೇರಿನಾ?"

"ರಿಪೇರಿ ಅಲ್ಲ ಕಣೆ, ಬಿಚ್ಚೋದಷ್ಟೇ."

"ಬಿಚ್ಚೋದು ಯಾರ್ ಬೇಕಾದ್ರೂ ಬಿಚ್ತಾರೆ. ಕೂಡ್ಸೋರು ಯಾರು?" ಎಂದು ನಕ್ಕು ಒಳಗೆ ಹೋದಳು.

ನನ್ನ ಹಳೆಯ ಚಿಮುಟ, ಹಳೆಯ ಭೂತಗನ್ನಡಿ ಮತ್ತೆ ಕೈಗೆ ಬಂದವು. ಸಮುದ್ರದ ಹೆಣ್ಣುಗಳಲ್ಲಿ ಒಂದರ ಎಡಗಡೆಯ ಏಳು ಕಾಲನ್ನೂ ಒಂದು ಕೂದಲೂ ಮುರಿಯದಂತೆ ಬಿಚ್ಚಿ ಸಾಲಾಗಿಟ್ಟಾಗ ಮೇಡಂ, "ಕೈ ಅಂದ್ರೆ ಇದು" ಎಂದರು. ಅಂಗಡಿ ಮುಚ್ಚಿದ ಮೇಲೆ ನನ್ನ ಕೈಯನ್ನು ಯಾರೂ ಹೊಗಳಿರಲಿಲ್ಲ. ಬಸ್ಸಿನಲ್ಲಿ ಮನೆಗೆ ಹೋಗುವಾಗ ನನ್ನ ಬೆರಳುಗಳನ್ನು ನಾನೇ ನೋಡಿಕೊಂಡೆ.

ಆಮೇಲೆ ಆ ದಿನ ಬಂತು. ಜನವರಿ. ಕಣದಲ್ಲಿ ಕಾಫಿ ಒಣಗುವ ಕಾಲ, ಎಲ್ಲೆಲ್ಲೂ ಧೂಳು. ಮಧ್ಯಾಹ್ನ ಮೇಡಂ ಪಾಠಕ್ಕೆ ಹೋಗಿದ್ದರು. "ತೆಗೆದು ಹಾಗೇ ಇಟ್ಟಿರಿ, ಬಂದು ಚಿತ್ರ ಬರೀತೀನಿ" ಎಂದಿದ್ದರು. ಗಂಡಿನ ಎಡಗಡೆಯ ಕಡ್ಡಿ ಒಂದೇ ಸಲಕ್ಕೆ ಬಿಡಿಸಿಕೊಂಡು ಬಂತು. ಎರಡು ನಿಮಿಷ ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಗಾಜಿನ ಹಾಗೆ ತಿಳಿಯಾಗಿತ್ತು, ತುದಿ ಸ್ವಲ್ಪ ಹೊರಕ್ಕೆ ಬಾಗಿತ್ತು, ಬಾಗಿದ ಕಡೆ ಸಣ್ಣ ಕೂದಲುಗಳಿದ್ದವು. ಅಷ್ಟಕ್ಕೇ ಬಿಡಬೇಕಿತ್ತು. ಗ್ಲಿಸರಿನ್ ಹಾಕಿದ ಸ್ಲೈಡಿಗೆ ಸೇರಿಸಿಬಿಡೋಣ, ಮೇಡಂ ಬರುವಷ್ಟರಲ್ಲಿ ಎಲ್ಲ ತಯಾರಿರಲಿ ಎಂದು ಸೂಜಿಯ ತುದಿಯಲ್ಲಿ ಅದನ್ನು ಎತ್ತಿದೆ. ಅದರ ಪಕ್ಕದಲ್ಲಿ ಹತ್ತಿಯ ಒಂದು ಎಳೆ ಅಂಟಿಕೊಂಡಿತ್ತು.

ವಾಚಿನ ಕೆಲಸದಲ್ಲಿ ಯಾವ ಭಾಗವನ್ನೂ ಧೂಳಿನ ಸಮೇತ ಒಳಗೆ ಕೂರಿಸುವುದಿಲ್ಲ. ಎತ್ತುತ್ತೇವೆ, ಊದುತ್ತೇವೆ, ಇಡುತ್ತೇವೆ. ಅದಕ್ಕೆಂದೇ ರಬ್ಬರಿನ ಬುರುಡೆ ಸಿಗುತ್ತದೆ, ಆದರೆ ಬಾಯಿಯೇ ಬೇಗ. ಇಪ್ಪತ್ತು ವರ್ಷ ಮಾಡಿದ ಕೆಲಸವನ್ನು ತುಟಿಗಳು ನನ್ನನ್ನು ಕೇಳಿ ಮಾಡುವುದಿಲ್ಲ.

ಊದಿದೆ.

ಎಳೆ ಹೋಯಿತು. ಕಡ್ಡಿಯೂ ಹೋಯಿತು. ಸೂಜಿಯ ತುದಿ ಖಾಲಿ ಇತ್ತು.

ಮೇಡಂ ಬರುವವರೆಗೆ ನಾನು ಅಲುಗಲಿಲ್ಲ. ಕಾಲೆತ್ತಿದರೆ ತುಳಿದುಬಿಡುತ್ತೇನೇನೋ ಎಂಬ ಭಯ. ಕೈಯಲ್ಲಿ ಸೀಮೆಸುಣ್ಣದ ಪುಡಿಯ ಸಮೇತ ಅವರು ಬಾಗಿಲಲ್ಲಿ ನಿಂತರು.

"ಯಾಕೆ ಹೀಗೆ ನಿಂತಿದೀರಿ?"

"ಊದ್ಬಿಟ್ಟೆ ಮೇಡಂ."

ಅವರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವರ ಮುಖ ಏನಾಯಿತು ಎಂದು ಬರೆಯಲು ನನಗೆ ಬರುವುದಿಲ್ಲ. ಬೈಯಲಿಲ್ಲ. "ಕಿಟಕಿ ಮುಚ್ಬೇಕು. ಫ್ಯಾನ್ ಹಾಕ್ಬೇಡಿ. ನೀವು ಅಲ್ಲೇ ಕೂತ್ಕೊಳ್ಳಿ" ಎಂದು ಸೆರಗು ಸಿಕ್ಕಿಸಿ ನೆಲಕ್ಕೆ ಮಂಡಿಯೂರಿದರು.

ಚಿತ್ರ ಬರೆಯುವ ಬ್ರಷ್ಷಿನಿಂದ ಟೇಬಲ್ಲು, ನೆಲ, ನನ್ನ ಅಂಗಿ, ನನ್ನ ಚಪ್ಪಲಿ ಎಲ್ಲ ಗುಡಿಸಿ ಬಿಳಿ ಹಾಳೆಯ ಮೇಲೆ ಧೂಳು ಕೂಡಿಸಿದೆವು. ಹತ್ತೊಂಬತ್ತು ಗಾಜಿನ ತಟ್ಟೆ ತುಂಬಿತು. ಮುಂದಿನ ಮೂರು ವಾರ ಬಿಡುವಾದಾಗೆಲ್ಲ ಆ ಧೂಳನ್ನು ಮೈಕ್ರೋಸ್ಕೋಪಿನಡಿ ಒಂದೊಂದು ಚಿಟಿಕೆಯಾಗಿ ನೋಡಿದೆ.

"ಮೇಡಂ, ಇದಾ?"

"ಇರುವೆ ಕಾಲು."

"ಇದು?"

"ಹತ್ತಿ."

"ಇದು ನೋಡಿ ಮೇಡಂ, ತುದಿ ಬಾಗಿದೆ..."

"ನಿಮ್ಮ ಹುಬ್ಬಿನ ಕೂದ್ಲು."

ಕೊನೆಯ ತಟ್ಟೆ ಮುಗಿದ ದಿನ ನಾನೇ ಬಾಯಿಬಿಟ್ಟೆ. "ನಾನ್ ಅದನ್ನ ಸರಿಯಾಗೇ ನೋಡಿದೀನಿ ಮೇಡಂ. ಕಣ್ಣಲ್ಲಿ ಹಾಗೇ ಇದೆ. ನಾನ್ ಹೇಳ್ತೀನಿ, ನೀವ್ ಚಿತ್ರ ಬರೀರಿ."

ಆಸೆ ಅವರಿಗೂ ಇತ್ತು; ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಹಾಳೆ ತೆಗೆದು, ನಡುಗುವ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಪೆನ್ಸಿಲ್ ಊರಿದರು. ನಾನು ಹೇಳುತ್ತಾ ಹೋದೆ. ಬುಡ ಅಗಲ. ನಡು ಸಣ್ಣ. ತುದಿ ಹೊರಕ್ಕೆ.

"ಕೂದ್ಲು ಎಷ್ಟು?"

"ಮೂರು." ನನಗೆ ಅನುಮಾನ ಬಂತು. "ನಾಲ್ಕೂ ಇರ್ಬೋದು ಮೇಡಂ."

ಅವರು ಪೆನ್ಸಿಲ್ ಕೆಳಗಿಟ್ಟರು.

"ಬೇಡ ಬಿಡಿ. ನಾಳೆ ಯಾರೋ ಸಮುದ್ರದಿಂದ ಇನ್ನೊಂದು ಎತ್ತುತ್ತಾರೆ. ಅದಕ್ಕೆ ನಾಲ್ಕು ಕೂದ್ಲಿದ್ರೆ, ನಮ್ಮ ಚಿತ್ರ ನೋಡಿ ಅದು ಬೇರೆ ಜಾತಿ ಅಂತಾರೆ. ನಾವು ಹೇಳಿದ ಸುಳ್ಳನ್ನ ಅವ್ರು ಹೊರ್ಬೇಕು."

ವಿವರಣೆಯನ್ನು ಹಾಗೆಯೇ ಮುಗಿಸಿದರು. ಆ ಜಾಗದಲ್ಲಿ ಅವರು ಹೇಳಿ ನಾನು ಒತ್ತಿದ ಸಾಲು ಇದು: ಬಲಗಡೆಯದು ಹರಿದಿದೆ, ಎಡಗಡೆಯದು ಬಿಚ್ಚುವಾಗ ಕಳೆದುಹೋಗಿದೆ.

"ಅಟೆಂಡರ್ ಕಳೆದ ಅಂತ ಸೇರಿಸ್ಲಾ ಮೇಡಂ?"

"ಯಾಕೆ? ಯಾರು ಕಳೆದ್ರು ಅನ್ನೋದು ಹುಳದ ಅಂಗಾಂಗ ಅಲ್ಲ."

ಅದನ್ನು ಕಳಿಸಿದ ಆರು ತಿಂಗಳಿಗೆ ವಿಜ್ಞಾನ ಪತ್ರಿಕೆಯವರಿಂದ ಉತ್ತರ ಬಂತು. ಕೆಲಸ ಬಹಳ ಶ್ರದ್ಧೆಯಿಂದ ಆಗಿದೆ. ಆದರೆ ಆ ಭಾಗ ಇಲ್ಲದೆ ಹೊಸ ಜಾತಿ ಎಂದು ಒಪ್ಪಲಾಗದು. ಇನ್ನೊಂದು ಗಂಡು ಸಿಕ್ಕರೆ ಮತ್ತೆ ಕಳಿಸಿ. ಮೇಡಂ ಸಹಪಾಠಿಗೆ ಬರೆದರು. ಹಡಗು ಆ ಕಡೆ ಮತ್ತೆ ಹೋಗುವ ಯೋಚನೆ ಸದ್ಯಕ್ಕೆ ಇಲ್ಲ ಎಂದು ಅವರು ತಿಳಿಸಿದರು.

ಅವತ್ತು ಕೇಳಿಯೇಬಿಟ್ಟೆ, "ಯಾವ ಹೆಸರು ಇಡ್ಬೇಕು ಅಂತಿದ್ರಿ ಮೇಡಂ?"

"ಇಡದ ಹೆಸರನ್ನ ಹೇಳ್ಬಾರ್ದು" ಎಂದು ಜಾಡಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಅವರು ರಿಟೈರ್ ಆದರು. ತಿಂಗಳಿಗೊಮ್ಮೆ ಬಸ್ಸು ಹತ್ತಿ ಮಡಿಕೇರಿಗೆ ಹೋಗಿ ನೋಡಿ ಬರುತ್ತಿದ್ದೆ. ಮೊದಮೊದಲು ತಾವೇ ಕಾಫಿ ತಂದುಕೊಡುತ್ತಿದ್ದರು. ಆಮೇಲೆ ಅವರ ತಂಗಿ ತರುತ್ತಿದ್ದರು, ಅವರ ಲೋಟವನ್ನು ತಂಗಿಯೇ ಹಿಡಿದು ಕುಡಿಸುತ್ತಿದ್ದರು. ಪ್ರತಿ ಸಲವೂ ಅವರು ಕೇಳುತ್ತಿದ್ದದ್ದು ಒಂದೇ, ಜಾಡಿಯಲ್ಲಿ ಸ್ಪಿರಿಟ್ ಇಳಿದಿದೆಯಾ ಎಂದು. ಕಳೆದ ವರ್ಷ ತೀರಿಕೊಂಡರು.

ಹದಿಮೂರನೇ ದಿನದ ಊಟಕ್ಕೆ ಹೋಗಿದ್ದೆ. ಎಲೆ ಎತ್ತಿದ ಮೇಲೆ ಅವರ ತಂಗಿ ನನ್ನ ಪಕ್ಕ ಬಂದು ಕೂತರು. ಅಕ್ಕನಂತೆಯೇ ದನಿ.

"ಅಕ್ಕ ನಿಮ್ಮನ್ನ ತುಂಬಾ ನೆನೆಸ್ಕೊಳ್ತಿದ್ಳು. ಅವ್ರ ಕೈ ಬಹಳ ನಯ, ನನಗೆ ಅಂಥ ಕೈ ಇದ್ದಿದ್ರೆ ಅಂತಿದ್ಳು."

ನಾನು ತಲೆ ತಗ್ಗಿಸಿದೆ.

"ಆ ಹುಳಕ್ಕೆ ಕೊನೆಗೆ ಏನ್ ಹೆಸರಿಟ್ರಿ? ಅವಳು ನಮ್ಗೆ ಹೇಳ್ಲೇ ಇಲ್ಲ."

"ಇಟ್ಟಿಲ್ಲಮ್ಮ."

"ಯಾಕೆ? ಅಷ್ಟ್ ದಿನ ಮಾಡಿದ್ರಲ್ಲ?"

"ಒಂದು ಭಾಗ ಸಿಗ್ಲಿಲ್ಲ" ಎಂದೆ.

ಅವರು ಪಾಪ, ಹೌದಾ ಎಂದು ನಿಟ್ಟುಸಿರಿಟ್ಟು, ನನಗೆ ಒಂದು ಹೋಳಿಗೆ ಜಾಸ್ತಿ ಕಟ್ಟಿಕೊಟ್ಟರು. ಸಿಗಲಿಲ್ಲ ಎಂಬುದು ಸುಳ್ಳಲ್ಲ, ಆದರೆ ಅದು ಸಿಕ್ಕಿತ್ತು. ನನ್ನ ಸೂಜಿಯ ತುದಿಯಲ್ಲಿತ್ತು. ಗೊತ್ತಿಲ್ಲದ ಒಂದು ಕೂದಲಿಗಾಗಿ ತನ್ನ ಜೀವಮಾನದ ಆಸೆಯನ್ನೇ ಕೆಳಗಿಟ್ಟ ಹೆಂಗಸಿನ ಮನೆಯಲ್ಲಿ ಕೂತು, ಗೊತ್ತಿದ್ದ ವಿಷಯವನ್ನು ನಾನು ಹೇಳದೆ ಬಂದೆ. ಮಡಿಕೇರಿ ಬಸ್ ಸ್ಟ್ಯಾಂಡಿನಲ್ಲಿ ಎರಡು ಬಸ್ಸು ಬಿಟ್ಟು ಕೂತಿದ್ದೆ, ವಾಪಸ್ ಹೋಗಿ ಹೇಳಿಬಿಡಲೇ ಎಂದು. ಹೋಗಲಿಲ್ಲ. ಮೂರನೇ ಬಸ್ಸು ಹತ್ತಿದೆ.

ಆ ಅಮ್ಮ ಇದನ್ನು ಓದಿದರೆ ತಿಳಿಯಲಿ: ನಿಮ್ಮ ಅಕ್ಕ ಹೊಗಳಿದ ಕೈಯವನೇ ಬಾಯಿಂದ ಊದಿ ಕಳೆದ. ಮುಂದಿನ ವಾರ ಬಂದು ಎದುರಿಗೇ ಹೇಳುತ್ತೇನೆ. ಬರೆದಾದ ಮೇಲೆ ಹೇಳುವುದು ಸ್ವಲ್ಪ ಸುಲಭವಾಗಬಹುದು.

ಓದಿದ ನಿಮ್ಮಲ್ಲೂ ಯಾರಿಗಾದರೂ ಹೀಗೆ, ಚೆನ್ನಾಗಿ ಕಲಿತ ಕೈಯೇ ಮತ್ತೊಬ್ಬರ ಜೀವಮಾನದ ಕೆಲಸ ಕೆಡಿಸಿದ್ದುಂಟೇ? ಅದನ್ನು ಅವರ ಮನೆಯವರಿಗೆ ಹೇಗೆ ಹೇಳಿದಿರಿ? ದಯವಿಟ್ಟು ಬರೆಯಿರಿ. ಮಡಿಕೇರಿಗೆ ಹೊರಡುವ ಮೊದಲು ಓದಿಕೊಂಡು ಹೋಗುತ್ತೇನೆ.