ಬಾಗಿ ಕರುವಿಗೆ ಹಾಲು ಬಿಡಿಸುತ್ತಿದ್ದ ಬಗೆ

ದಡ್!

ಗದ್ದೆಯಂಚಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ಬಾಗಿಯ ಕತ್ತಿ ನಿಂತಿತು. ಹಸುವಿನ ಗೊರಸು ಹಟ್ಟಿಯ ಗೋಡೆಗೆ ಬಡಿದರೆ ಒಂದು ಸದ್ದು, ಮೈಗೆ ಬಡಿದರೆ ಇನ್ನೊಂದು. ಇದು ಮೈಗೆ ಬಿದ್ದದ್ದು. ಕೊಯ್ದ ಹುಲ್ಲನ್ನು ಅಲ್ಲೇ ಬಿಟ್ಟು, ಕತ್ತಿ ಹಿಡಿದುಕೊಂಡೇ ಅವಳು ಓಡಿದಳು.

ಗಂಡ ಸತ್ತ ವರ್ಷ ಯಡ್ತರೆಯ ಶೆಟ್ಟರ ದನದ ಹಟ್ಟಿಗೆ ಕೆಲಸಕ್ಕೆ ಬಂದವಳು ಬಾಗಿ. ಇಪ್ಪತ್ತೆರಡು ವರ್ಷ ಕಳೆದಿತ್ತು. ಅಷ್ಟರಲ್ಲಿ ಆ ಮನೆಯ ಒಂದು ಕರುವೂ ಹಾಲು ಬಿಡುವಾಗ ಸತ್ತಿರಲಿಲ್ಲ. ನವರಾತ್ರಿ ಮುಗಿದು, ಅಂಚಿನ ಹುಲ್ಲು ಇನ್ನೂ ಎಳೆಯದಾಗಿರುವಾಗ ಅವಳು ಶುರು ಮಾಡುವಳು. ಮೊದಲ ವಾರ ಕರುವಿಗೆ ಎರಡು ಮೊಲೆ, ಆಮೇಲೆ ಒಂದು, ಕಡೆಗೆ, ಹಸು ಹಾಲಿಳಿಸುವಷ್ಟು ಬಾಯಿ ತಾಗಿಸಿದರೆ ಸಾಕು. ನಡುನಡುವೆ ಅಕ್ಕಿ ತೊಳೆದ ಅಕ್ಕಚ್ಚಿಗೆ ತೌಡು ಕಲಸಿ, ತನ್ನ ಬೆರಳು ಚೀಪಿಸುತ್ತ ಕುಡಿಸುವಳು. ಚಳಿಗಾಲದ ಇಬ್ಬನಿ ಬೀಳುವ ಹೊತ್ತಿಗೆ ಕರು ಹುಲ್ಲು ಕಲಿತಿರಬೇಕು. ಹಾಲೂ ಇಲ್ಲದೆ ಹುಲ್ಲೂ ಕಲಿಯದೆ ಚಳಿಗೆ ಸಿಕ್ಕಿದ ಕರು ಉಳಿಯುವುದಿಲ್ಲ.

ಈ ಸಲ, ಅರವತ್ತೆಂಟನೇ ಇಸವಿಯಲ್ಲಿ, ಕೆಂಪಿ ಹಸುವಿನ ಗಂಡುಕರುವಿಗೆ ಹಾಲು ಬಿಡಿಸತೊಡಗಿ ಆರೇ ದಿನವಾಗಿತ್ತು.

ಕರು ಹಟ್ಟಿಯ ಮೂಲೆಗೆ ಬಿದ್ದಿತ್ತು. ಮೂತಿಗೆ ಬಿದಿರುಮುಳ್ಳು ಸಿಕ್ಕಿಸಿದ ಹಗ್ಗದ ಪಟ್ಟಿ. ಹಸಿದು ಮೊಲೆಗೆ ಬಾಯಿ ಹಾಕಿದಾಗ ಮುಳ್ಳು ಚುಚ್ಚಿ, ಹೆತ್ತ ತಾಯಿಯೇ ಒದ್ದಿತ್ತು. ಕೆಂಪಿಯ ಕೆಚ್ಚಲಲ್ಲಿ ರಕ್ತದ ಗೆರೆ. ಒದ್ದ ಕಾಲನ್ನು ನೆಲಕ್ಕೆ ಊರಲಾರದೆ ಅದು ನಡುಗುತ್ತಿತ್ತು.

“ಹ್ವಾಯ್, ಇದ್ ಕಟ್ಟದ್ ಯಾರ್?”

“ನಾನೇ.” ಮನೆಯ ಮಗ ಲೀಲಾಧರ ಖಾಲಿ ಚೊಂಬು ಹಿಡಿದು ಬಾಗಿಲಲ್ಲಿ ನಿಂತಿದ್ದ. ಬೊಂಬಾಯಿಯ ಹೋಟೆಲಿನಲ್ಲಿ ಐದು ವರ್ಷ ದುಡಿದು ಬಂದವನು ದೀಪಾವಳಿಗೆ ಬೈಂದೂರಿನಲ್ಲಿ ಸ್ವಂತ ಚಾ ಹೋಟೆಲು ತೆರೆಯುವವನಿದ್ದ. ಬಾಗಿ ಹುಲ್ಲಿಗೆ ಹೋದ ಹೊತ್ತು ನೋಡಿ ಹಟ್ಟಿಗೆ ಇಳಿದಿದ್ದ. “ನಿನ್ನ ಮೂರ್ ವಾರದ ಪೂಜೆ ಮುಗುದ್ ಯಾವಾಗ ಮರಾಯ್ತಿ? ನಂಗೆ ಹಾಲ್ ಬೇಕ್.”

“ಸಿಕ್ತಾ?”

ಅವನು ಚೊಂಬನ್ನು ಹಿಂದಕ್ಕೆ ಸರಿಸಿದ. “ಕೆಂಪಿ ಬಿಡುದಿಲ್ಲೆ.”

“ಕರು ಬಾಯಿ ತಾಗ್ದೆ ಹ್ಯಾಂಗ್ ಬಿಡತ್ತ್? ನಾ ಈ ಮನಿಗೆ ಬಪ್ಪತಿಗೆ ನಿಮಗೆ ನಾಲ್ಕ್ ವರ್ಷ. ಆಗ್ಳೂ ನೀವ್ ಅಮ್ಮನ ಎದೆ ಬಿಟ್ಟಿರ್ಲಿಲ್ಲೆ ಒಡೇರೆ. ನಿಮ್ಮ ಬಾಯಿಗೆ ಯಾರಾರೂ ಮುಳ್ಳ್ ಕಟ್ಟಿರಾ?”

ಲೀಲಾಧರನ ಕಿವಿ ಕೆಂಪಾಯಿತು. “ಬಾಯಿ ಜಾಸ್ತಿ ಆಯ್ತ್ ನಿಂಗೆ. ಗಂಡ್ ಕರು, ಸತ್ರೆ ಸಾಯ್ಲಿ. ಚರ್ಮದೊಳ್ಗೆ ಬೈಹುಲ್ಲ್ ತುಂಬಿ ಕೆಂಪಿ ಎದ್ರ್ ನಿಲ್ಸುವ. ಅದನ್ನೇ ನೆಕ್ಕಂಡ್ ಹಾಲ್ ಕೊಡತ್ತ್.”

ಅಂಥ ಹುಲ್ಲಿನ ಕರುವನ್ನು ಬಾಗಿ ಬೇರೆ ಹಟ್ಟಿಗಳಲ್ಲಿ ಕಂಡಿದ್ದಳು. ಕಣ್ಣಿಲ್ಲದ ಆ ತಲೆಯನ್ನು ನೆಕ್ಕಿ ನೆಕ್ಕಿ, ಮುದ್ದಿಸುತ್ತಲೇ ಹಾಲು ಕಳಕೊಳ್ಳುವ ಹಸುಗಳನ್ನೂ ಕಂಡಿದ್ದಳು. ಕುಕ್ಕರಗಾಲಲ್ಲಿ ಕೂತು ಪಟ್ಟಿಯನ್ನು ಕತ್ತಿಯಿಂದ ಕೊಯ್ದಳು. ತುಟಿಯಲ್ಲಿ ಮುರಿದು ನಿಂತ ಮುಳ್ಳನ್ನು ಉಗುರಿನಿಂದ ಕಿತ್ತಳು. ಕರುವನ್ನು ಎತ್ತಿ ಎದೆಗೆ ಒತ್ತಿಕೊಂಡಳು.

“ಎಲ್ಲಿಗೆ ಹೊತ್ಕಂಡ್ ಹೋತೆ?”

“ನನ್ನ ಮನಿಗೆ. ಎರಡ್ ಹೊತ್ತೂ ಇಲ್ಲಿಗೆ ತತ್ತೆ, ತಾಯಿ ಹತ್ರ ಬಿಡ್ತೆ, ನಾನೇ ಹಾಲ್ ಕರೀತೆ. ಇನ್ನ್ ಹದಿನೈದ್ ದಿನ. ಅಷ್ಟರೊಳ್ಗೆ ನೀವ್ ಈ ಹಟ್ಟಿಗೆ ಕಾಲ್ ಹಾಕ್ರೆ, ಮತ್ತೆ ನಾ ಬಪ್ಪುದಿಲ್ಲೆ.”

“ಹಟ್ಟಿ ಯಾರ್ದ್ ಅಂದ್ಕಂಡೆ? ಕರು ಯಾರ್ದ್? ಹೋಟ್ಲ್ ಶುರು ಆಪು ದಿನ ನಾ ಜನ್ರಿಗೆ ಎಂತ ಕೊಡುದ್? ಬಾಗಿ, ನಿನ್ನತ್ರ ಮಾತಾಡ್ತಾ ಇದ್ದೆ ನಾನ್, ಸಂಜಿಗೆ ಹಾಲ್...”

ಬಾಗಿ ಅಂಗಳ ದಾಟಿಯಾಗಿತ್ತು.