ಚನಿಯಪ್ಪ ಒಲೆ ಸರಿಸಿದ್ದು

ಒಲೆ ಕಟ್ಟುವ ಚನಿಯಪ್ಪ ಮಹಾ ಹೊಟ್ಟೆಕಿಚ್ಚಿನ ಮನುಷ್ಯ ಎಂದು ನಾನು ತಿಳಿದುಕೊಂಡಿದ್ದೆ. ಅದಕ್ಕೆ ಕಾರಣ ನೆರೆಮನೆಯ ಸುಬ್ಬಯ್ಯ. ಐವತ್ತೆಂಟನೆಯ ಇಸವಿಯಲ್ಲಿ ಅವನು ಮಂಗಳೂರಿನಿಂದ ಮೇಸ್ತ್ರಿಯನ್ನು ಕರೆಸಿ, ಹೊಗೆ ಹೋಗಲು ಕೊಳವೆಯಿರುವ ಒಲೆ ಕಟ್ಟಿಸಿದ. ನಮ್ಮೂರು ಮಡಂತ್ಯಾರಿನ ಮುಕ್ಕಾಲು ಪಾಲು ಜನ ನೋಡಿ, ಹೊಗಳಿ, ಕಾಫಿ ಕುಡಿದು ಬಂದರು. ಚನಿಯಪ್ಪ ಮಾತ್ರ ಒಲೆಯ ಹಿಂದಿನ ಗೋಡೆಗೆ ಅಂಗೈ ಒತ್ತಿ ನಿಂತು, ಕೊಳವೆಯನ್ನು ಮನೆಯ ಮಾಡಿನ ಮರದಿಂದ ಒಂದು ಗೇಣು ದೂರ ಸರಿಸಬೇಕು ಎಂದನಂತೆ. ಬೇರೆಯವನ ಕೆಲಸ ನೋಡಿ ಹೊಗಳಲು ಬಾಯಿ ಬರಲಿಲ್ಲ ಎಂದು ನಾವೆಲ್ಲ ನಕ್ಕೆವು.

ನನಗಂತೂ ಹೊಟ್ಟೆಕಿಚ್ಚು ಇರಲಿಲ್ಲ. ರಸ್ತೆಯಿಂದ ಕಾಣುವ ಆ ಕೊಳವೆಯನ್ನು ದಿನಕ್ಕೆ ನಾಲ್ಕು ಸಲ ನೋಡುತ್ತಿದ್ದೆ, ಅಷ್ಟೆ. ಇಪ್ಪತ್ತು ವರ್ಷ ಕಣ್ಣೊರೆಸಿಕೊಂಡೇ ಅಡುಗೆ ಮಾಡಿದ ಹೆಂಡತಿ ವಿನೋದಾಳ ಮೇಲೆ ಆ ವಾರವೇ ನನಗೆ ಕನಿಕರ ಹುಟ್ಟಿತು. ಅಜ್ಜನ ಕಾಲದ ನಮ್ಮ ಇಟ್ಟಿಗೆಯ ಒಲೆಗೆ ಸುಬ್ಬಯ್ಯನದಕ್ಕಿಂತ ಎರಡು ಮೊಳ ಎತ್ತರದ ಕೊಳವೆ, ಅದೂ ರಸ್ತೆಯ ಬದಿಗೆ, ಇಡಬೇಕೆಂದು ಚನಿಯಪ್ಪನಿಗೆ ಹೇಳಿಕಳುಹಿಸಿದೆ.

ಬಂದವನು ಕರಣೆ ಮುಟ್ಟಲಿಲ್ಲ. ಒಲೆ ಹೊತ್ತಿಸಲು ಹೇಳಿ, ಕುಚ್ಚಲಕ್ಕಿ ಬೇಯುವಷ್ಟು ಹೊತ್ತೂ ಗೋಡೆಗೆ ಅಂಗೈ ಇಟ್ಟು ಕೂತ. ಬೆಂಕಿ ಆರಿದ ಮೇಲೆ ಹಿಂದಿನ ನಾಲ್ಕು ಇಟ್ಟಿಗೆ ಕಿತ್ತು ತೋರಿಸಿದ. ಅಟ್ಟ ಹೊತ್ತ ತೊಲೆಯ ತುದಿ ಗೋಡೆಯೊಳಗೇ ಕರಕಲಾಗಿತ್ತು. ಅದರ ಮೇಲೆ, ಹೊಗೆಗೆ ಒಣಗಿ ಕೊಬ್ಬರಿಯಾಗಲೆಂದು ಊರವರಂತೆ ನಾವೂ ಪೇರಿಸಿಟ್ಟ ಸಾವಿರ ತೆಂಗಿನಕಾಯಿ. ಸುಬ್ಬಯ್ಯನ ಗೋಡೆಯಲ್ಲಿ ಆ ಅಂಗೈ ಏನು ಹುಡುಕುತ್ತಿತ್ತೆಂದು ಆಗ ತಿಳಿಯಿತು.

ಅಟ್ಟ ಖಾಲಿಯಾಗಬೇಕು, ತೊಲೆಯ ಸುಟ್ಟ ತುದಿ ಕತ್ತರಿಸಿ ಕೆಂಪುಕಲ್ಲಿನ ಕಂಬ ಕೊಡಬೇಕು, ಒಲೆ ಗೋಡೆಯಿಂದ ಒಂದು ಮೊಳ ಈಚೆ ಬರಬೇಕು, ಕೊಳವೆ ಎಲ್ಲೂ ಮರಕ್ಕೆ ತಾಗದೆ ಹಿತ್ತಿಲಿನ ಕಡೆಗೆ ಹೊರಡಬೇಕು ಎಂದ. ಹಿತ್ತಿಲಲ್ಲಿದ್ದರೆ ಯಾರಿಗೆ ಕಾಣುತ್ತದೆ ಎಂದು ನಾನು ಅರ್ಧ ದಿನ ವಾದಿಸಿದೆ.

“ನೀವು ರಸ್ತೆಯಲ್ಲಿ ನಿಂತು ನೋಡುವವರು. ಒಳಗೆ ಬೇಯಿಸಲಿಕ್ಕೆ ಇರುವುದು ನಾನು,” ಎಂದು ವಿನೋದಾ ಅಟ್ಟ ಹತ್ತಿ ಕಾಯಿ ಉರುಳಿಸತೊಡಗಿದಳು. ವಾದ ಅಲ್ಲಿಗೆ ಮುಗಿಯಿತು.

ಹತ್ತನೆಯ ದಿನ ಹೊಸ ಒಲೆ ಹೊತ್ತಿತು. ಚನಿಯಪ್ಪ ನನ್ನ ಅಂಗೈಯನ್ನೂ ಗೋಡೆಗೆ ಇಡಿಸಿದ, ತಣ್ಣಗಿತ್ತು. ವಿನೋದಾಳ ಕಣ್ಣಲ್ಲಿ ನೀರಿರಲಿಲ್ಲ. ಹೊಗೆ ಹಿತ್ತಿಲಿನಲ್ಲಿ ಯಾರ ಕಣ್ಣಿಗೂ ಬೀಳದೆ ಹೋಗುತ್ತಿತ್ತು. ರಸ್ತೆಯಲ್ಲಿ ಸುಬ್ಬಯ್ಯ ತಲೆಯೆತ್ತದೆ ಹಾದುಹೋದ. ನನಗೆ ತಡೆಯಲಾಗಲಿಲ್ಲ.

“ಚನಿಯಪ್ಪ, ಸುಬ್ಬಯ್ಯನ ಅಂಗಳಕ್ಕೆ ಕಾಣುವ ಹಾಗೆ ಏನಾದರೂ ಮಾಡ್ಲಿಕ್ಕೆ ಆಗ್ತದಾ?”

ಅವನು ಕೈ ತೊಳೆಯುತ್ತ ಹೇಳಿದ: “ಹಳೇ ಒಲೆಯನ್ನೇ ಬಿಡ್ಬೇಕಿತ್ತು ಧಣಿ. ಮನೆ ಹೊತ್ತಿದ್ರೆ ಗುರುವಾಯನಕೆರೆಗೂ ಕಾಣ್ತಿತ್ತು.”